ಶೀಟಿನ ಚೀಟಿ

ಪುಂಜಾಲಕಟ್ಟೆ ಕಡೆ ಸೆವ್ರಿನ್ ಪಿಂಟೊ ಅವರನ್ನು ಅರಿಯದವರಿಲ್ಲ. ಇಗರ್ಜಿಯ ವಾರ್ಡಿಗೆ ಗುರಿಕಾರರಾಗಿ, ಅಂದರೆ ಮುಖಂಡರಾಗಿ, ಇಪ್ಪತ್ತು ವರ್ಷ ಜಾತಿ ನೋಡದೆ ಬಡವರ ಮನೆಗೆ ಅಕ್ಕಿ ಹೊತ್ತ ಹೆಂಗಸು ಅವರು. ಅಕ್ಕಿ ಮುಗಿಯುತ್ತಿತ್ತು, ಬಡತನ ಮುಗಿಯುತ್ತಿರಲಿಲ್ಲ. ಹೊಸದಾಗಿ ಬಂದ ಪಾದ್ರಿಗಳು, "ಹಸಿದವರಿಗೆ ಉಣಿಸಿದಿರಿ, ಹಸಿವು ಎಲ್ಲಿಂದ ಬಂತೆಂದು ಕೇಳಿದಿರಾ?" ಎಂದದ್ದು ಅವರಿಗೆ ಚೆನ್ನಾಗಿ ನಾಟಿತು. ಚೀಲ ಕೆಳಗಿಟ್ಟು ಅರ್ಜಿ ಬರೆಯತೊಡಗಿದರು.

ಮೊದಲ ಅರ್ಜಿ ಬೀಡಿ ಕಟ್ಟುವ ಸರಸಳದ್ದು. ಅವಳ ಮನೆಯಿದ್ದದ್ದು ಸರಕಾರಿ ಜಾಗದಲ್ಲಿ. ಪಕ್ಕದ ರಬ್ಬರ್ ತೋಟದ ಆಲ್ಬನ್ ರೇಗೊ ಮಾತ್ರ ಅದು ತನ್ನ ಕುಮ್ಕಿ, ತೋಟಕ್ಕೆ ಸೇರಿದ ಸೊಪ್ಪಿನ ಜಾಗ ಎಂದು ಸೊಪ್ಪು ಕಡಿಸುತ್ತಿದ್ದರು. ಕರೆದಾಗ ಸರಸ ಅವರ ತೋಟದಲ್ಲಿ ಬಿಟ್ಟಿ ದುಡಿಯಬೇಕು, ಇಲ್ಲವಾದರೆ ಗುಡಿಸಲು ಕೀಳಬೇಕು. ಹಕ್ಕುಪತ್ರ ಸಿಕ್ಕಿದರೆ ಈ ಹೆದರಿಕೆಯೇ ಮುಗಿಯುತ್ತಿತ್ತು.

ಕಂದಾಯ ನಿರೀಕ್ಷಕರು ಅಂಗಳದಲ್ಲಿ ಮಹಜರು ಬರೆಯಲು ಕುಳಿತ ದಿನ ಆಲ್ಬನ್ ಕಿಸೆಯಿಂದ ಒಂದು ಕಾಗದ ತೆಗೆದರು.

"ಜಾಗ ನನ್ನದು, ಹೇಳಿದಾಗ ಬಿಡ್ತೇನೆ ಅಂತ ಇವಳೇ ಹೆಬ್ಬೆಟ್ಟು ಒತ್ತಿದ್ದುಂಟು ಸಾರ್. ಸಾಕ್ಷಿ ನಮ್ಮ ಸೆವ್ರಿನ್."

ಸೆವ್ರಿನ್ ಬಗ್ಗಿ ಕಾಗದ ನೋಡಿದರು. ಹನ್ನೆರಡು ವರ್ಷದ ಹಿಂದೆ ಗಾಳಿಗೆ ಸರಸಳ ಗುಡಿಸಲಿನ ಮಾಡು ಹಾರಿದಾಗ ಆಲ್ಬನ್ ಹೊದಿಸಲು ಶೀಟು ದಾನ ಕೊಟ್ಟಿದ್ದರು. ಸಿಕ್ಕಿದ್ದಕ್ಕೆ ಒಂದು ಚೀಟಿ, ಅಷ್ಟೇ ಎಂದಿದ್ದರು. ಅವರು ಇಗರ್ಜಿಯ ಉಪಾಧ್ಯಕ್ಷರು, ಮೇಲಾಗಿ ದಾನಿಗಳು. ಅಂಥವರು ಕೊಟ್ಟ ಕಾಗದವನ್ನು ಓದಿ ನೋಡುವ ಮರ್ಯಾದೆಗೆಟ್ಟ ಕೆಲಸವನ್ನು ನಮ್ಮಲ್ಲಿ ಯಾರು ಮಾಡುತ್ತಾರೆ!

"ಸಹಿ ನಿಮ್ಮದಾ?" ನಿರೀಕ್ಷಕರು ಕೇಳಿದರು.

"ನನ್ನದೇ ಸಾರ್. ಆದರೆ ನಾನು ಓದಿರಲಿಲ್ಲ. ಶೀಟಿನ ಚೀಟಿ ಅಂತ ಹೇಳಿ ಇವಳ ಹೆಬ್ಬೆಟ್ಟು ಒತ್ತಿಸಿದ್ದು ನಾನು."

"ಸೆವ್ರಿನ್," ಆಲ್ಬನ್ ಸ್ವರ ತಗ್ಗಿಸಿದರು, "ನಾಳೆಯಿಂದ ನಿನ್ನ ಗಂಡ ರಬ್ಬರ್ ಟ್ಯಾಪಿಂಗಿಗೆ ಯಾರ ತೋಟಕ್ಕೆ ಹೋಗುವುದು?"

ಸೆವ್ರಿನ್‌ಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಮನೆಯ ಒಲೆ ಉರಿಯುತ್ತಿದ್ದದ್ದೇ ಆ ತೋಟದ ಸಂಬಳದಿಂದ. ಸುಳ್ಳು ಸಾಕ್ಷಿಗೆ ತನ್ನ ಮೇಲೆಯೇ ಕೇಸು ಬಿದ್ದರೆ?

"ನಾನು ಹೇಳಿದ್ದನ್ನು ಬರೆದುಕೊಳ್ಳಿ ಸಾರ್," ಎಂದರು.

ನಿರೀಕ್ಷಕರು ಅದನ್ನೂ ಸೇರಿಸಿ ಮಹಜರು ಮುಗಿಸಿದರು. ಸೆವ್ರಿನ್ ಸಹಿ ಹಾಕಿ, ಶಾಯಿಯ ಪ್ಯಾಡನ್ನು ಸರಸಳ ಮುಂದೆ ಹಿಡಿದರು. ಸರಸ ಕೈ ಹಿಂದಕ್ಕೆಳೆದುಕೊಂಡಳು.

"ಓದಿ ಹೇಳಿ ಬಾಯಮ್ಮ. ಎಲ್ಲ ಓದಿ."

ಆಲ್ಬನ್ ಅವರ ಬೆದರಿಕೆಗಿಂತ ಈ ಮಾತು ಸೆವ್ರಿನ್‌ಗೆ ಹೆಚ್ಚು ಚುಚ್ಚಿತು. ಅವರು ಒಂದೊಂದೇ ಸಾಲು ಓದಿ, ಸರಸಳಿಗೆ ತಿಳಿಯುವಂತೆ ತುಳುವಿನಲ್ಲಿ ಹೇಳಿದರು. 'ನಾನು ಓದದೆ ಒತ್ತಿಸಿದೆ' ಎಂಬಲ್ಲಿ ಓದು ನಿಲ್ಲಿಸಿದರು. ಪರವಾಗಿಲ್ಲ ಎಂದಾಳೆಂದು ತಲೆಯೆತ್ತಿ ನೋಡಿದರು.

"ಅದನ್ನು ಇನ್ನೊಮ್ಮೆ ಓದಿ," ಎಂದಳು ಸರಸ.

ಓದಿದರು. ಆಮೇಲೆಯೇ ಅವಳು ಹೆಬ್ಬೆಟ್ಟು ಚಾಚಿದಳು.