ಜತ್ತನ್ನರು ಹೊಲಿದ ಬಿಳಿ ಅಂಗಿ

ಪುತ್ತೂರಿನ ನಮ್ಮ ಚರ್ಚ್ ಸಭೆಯಲ್ಲಿ ದೀಕ್ಷಾಸ್ನಾನವಾದ ಮಕ್ಕಳಿಗೆಲ್ಲ ಬಿಳಿ ಅಂಗಿ ಹೊಲಿದವರು ಟೈಲರ್ ಸತ್ಯಾನಂದ ಜತ್ತನ್ನರು. ಬೇರೆ ಬಟ್ಟೆಯನ್ನು ಹೇಳಿದ ದಿನಕ್ಕೆ ಕೊಟ್ಟವರೇ ಅಲ್ಲ. ನನ್ನ ಒಂದು ಪ್ಯಾಂಟಿಗೆ ಮೂರು ತಿಂಗಳು ಅಲೆಸಿದ್ದಾರೆ. ಭಾನುವಾರದ ದೀಕ್ಷೆಗೆ ಆ ಅಂಗಿ ಮಾತ್ರ ಶನಿವಾರವೇ ಇಸ್ತ್ರಿಯಾಗಿ ಮನೆಗೆ ಬರುತ್ತಿತ್ತು. ಜರ್ಮನ್ ಪಾದ್ರಿಗಳ ಕಾಲದಲ್ಲಿ ಅವರ ಮುತ್ತಜ್ಜ ಹೆಂಡತಿ ಮಕ್ಕಳ ಸಮೇತ ದೀಕ್ಷೆ ಪಡೆದವರು. ಅಂದಿನಿಂದ ಆ ಮನೆಯಲ್ಲಿ ಹುಟ್ಟಿದ ಒಂದು ಕೂಸಿಗೂ ದೀಕ್ಷೆ ತಪ್ಪಿಲ್ಲ.

"ದೇವರು ಅಪ್ಪನ ಹತ್ರ ಒಡಂಬಡಿಕೆ ಮಾಡಿ ಮಕ್ಕಳನ್ನು ಹೊರಗೆ ನಿಲ್ಲಿಸುದುಂಟಾ ಮಾರಾಯ?" ಎನ್ನುತ್ತಿದ್ದರು. "ಕೂಸಿಗೆ ಗೊತ್ತಾಗುವ ಮೊದಲೇ ಅದರ ಕೈ ಹಿಡಿದಾಗಿರ್ತದೆ."

ಅವರ ಮಗಳು ಭವಿತಾ ಕಡಬದಲ್ಲಿ ಟೀಚರ್. ಅಲ್ಲಿ ಒಂದು ಹೊಸ ಪ್ರಾರ್ಥನಾಕೂಟಕ್ಕೆ ಸೇರಿದಳು. ಕಳೆದ ಮೇ ತಿಂಗಳಲ್ಲಿ ನಾನು ಅಂಗಡಿಯಲ್ಲಿದ್ದಾಗಲೇ ಬಂದು, "ಪಪ್ಪಾ, ಹೊಳೆಯಲ್ಲಿ ಮುಳುಗಿ ದೀಕ್ಷೆ ತಕೊಳ್ತೇನೆ. ಚಿಕ್ಕದಿರುವಾಗ ಆದದ್ದು ಲೆಕ್ಕಕ್ಕಿಲ್ಲ, ನಾನೇ ನಂಬಿ ತಕೊಳ್ಬೇಕು. ಬಿಳಿ ನಿಲುವಂಗಿ ನೀವೇ ಹೊಲಿದು ಕೊಡಿ" ಎಂದಳು.

"ಲೆಕ್ಕಕ್ಕಿಲ್ವಾ? ಸಭೆಯ ಮುಂದೆ ನಿನ್ನನ್ನು ಎತ್ತಿಕೊಂಡು ದೇವರಿಗೆ ಮಾತು ಕೊಟ್ಟದ್ದು ನಾನಲ್ವಾ?"

"ಅದು ನಿಮ್ಮ ಮಾತು, ಪಪ್ಪಾ."

ಮೂವತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ ಹೊಲಿಗೆ ಯಂತ್ರದ ದಾರ ಸರಿಮಾಡತೊಡಗಿದರು. ನನಗೋ ಮೈಯೆಲ್ಲ ಉರಿಯಿತು.

"ಹೊಲಿಯುದಿಲ್ಲ ಅಂತ ಹೇಳಿ ಮಾರಾಯ್ರೆ!" ಎಂದೆ.

"ನಾನು ಹೊಲಿಯದಿದ್ರೆ ಬೇರೆಯವರು ಹೊಲೀತಾರೆ. ಎಂತ ಮಾಡುದು?" ಎಂದು ಅಳತೆ ಟೇಪು ತೆಗೆದರು. ಆ ಅಂಗಿಯೂ ಶನಿವಾರವೇ ತಯಾರು. ಹಾಳು ನಿಷ್ಠೆ!

ಭಾನುವಾರ ಕುಮಾರಧಾರೆಯ ದಡಕ್ಕೆ ಅವರ ಜೊತೆ ನಾನೂ ಹೋದೆ. ಜತ್ತನ್ನರು ಟವೆಲು ಹಿಡಿದು ನಿಂತಿದ್ದರು. ನಮ್ಮ ಸಭೆಯಲ್ಲಾದರೆ ಸಭಾಪಾಲಕರು ಮಗುವಿನ ಹೆಸರು ಕೇಳುತ್ತಾರೆ. ಅಪ್ಪ ಗಟ್ಟಿಯಾಗಿ ಹೇಳಬೇಕು. ಸೊಂಟಮಟ್ಟದ ನೀರಿನಲ್ಲಿ ನಿಂತ ಪಾಸ್ಟರ್ ಕೂಡ ಹೆಸರು ಕೇಳಿದರು.

"ಭವಿತಾ!" ಜತ್ತನ್ನರು ದಡದಿಂದ ಕೂಗಿಬಿಟ್ಟರು.

ಎಲ್ಲರೂ ತಿರುಗಿ ನೋಡಿದರು. ಪಾಸ್ಟರ್ ನಗುತ್ತಾ, "ಅಂಕಲ್, ಅವಳೇ ಹೇಳ್ಲಿ" ಎಂದರು.

ಅವಳೇ ಹೇಳಿದಳು. ಮುಳುಗಿ ಎದ್ದಳು. ಜತ್ತನ್ನರು ಟವೆಲು ಚಾಚಿದರು, ಅವಳು ಮುಖ ಒರೆಸಿಕೊಂಡು ತನ್ನವರ ಹತ್ತಿರ ಹೋದಳು. ನನಗೆ ಅವರ ಮುಖ ನೋಡಲಾಗಲಿಲ್ಲ.

ಬಸ್ಸು ಪುತ್ತೂರು ಮುಟ್ಟುವವರೆಗೆ ಅವರು ಕೇಳಿದ್ದು ಒಂದೇ ಮಾತು.

"ಅಲ್ಲ ಮಾರಾಯ, ಅವಳು ಹೇಳಿದ್ದು ನಾನು ಇಟ್ಟ ಹೆಸರೇ ಅಲ್ವಾ?"

ಹೌದು ಎಂದೆ.