ದೊಡ್ಡಕ್ಕ ಚುಚ್ಚಿಸಿಕೊಳ್ಳದ ಸೂಜಿ

ನಮ್ಮ ಕ್ಯಾನ್ಸರ್ ವಾರ್ಡಿನ ನರ್ಸ್ ದೊಡ್ಡಕ್ಕನದು ಇಪ್ಪತ್ತೆರಡು ವರ್ಷ ಪಳಗಿದ ಕೈ. ಔಷಧಿ ಏರಿಸಿ ಏರಿಸಿ ಬತ್ತಿಹೋದ ನರವನ್ನೂ ಬೆರಳ ತುದಿಯಲ್ಲೇ ಪತ್ತೆಹಚ್ಚಿ, ರೋಗಿ ಅಯ್ಯೋ ಅನ್ನುವ ಮೊದಲೇ ಸೂಜಿ ಕೂರಿಸಿಬಿಡುತ್ತಿದ್ದಳು. ಅಂಥವಳು ತನಗೆ ಸೂಜಿ ಅಂದರೆ ಮಾತ್ರ ಮಾರುದೂರ. ನಾವೆಲ್ಲ ನಗುತ್ತಿದ್ದೆವು. ತಪ್ಪಾಗಿದ್ದೇ ಅಲ್ಲಿ.

ಚಳಿಗಾಲಕ್ಕೆ ಮುಂಚೆ ಆಸ್ಪತ್ರೆಯ ಸಿಬ್ಬಂದಿಗೆಲ್ಲ ಫ್ಲೂ ಲಸಿಕೆ ಹಾಕುತ್ತಾರೆ. ಹಾಕಿಸಿಕೊಂಡವರ ಗುರುತಿನ ಚೀಟಿಗೆ ಒಂದು ಹಸಿರು ಸ್ಟಿಕರ್. ಅದಿಲ್ಲದವರು ದಿನವಿಡೀ ಮಾಸ್ಕ್ ತೆಗೆಯುವಂತಿಲ್ಲ, ನಾಲ್ಕನೇ ಕೋಣೆಗೆ ಕಾಲಿಡುವಂತಿಲ್ಲ. ಬಿಳಿ ರಕ್ತಕಣ ಪೂರ್ತಿ ಕುಸಿದವರನ್ನು ಇಡುವುದು ಅಲ್ಲಿ. ಅವರಿಗೆ ಬರೀ ನೆಗಡಿಯೂ ಪ್ರಾಣಕ್ಕೆ ಕುತ್ತು. ಲಸಿಕೆಯ ದಿನ ದೊಡ್ಡಕ್ಕ ಸ್ಟೋರ್ ರೂಮಿನಲ್ಲಿ ಅಡಗಿ ಕೂತಿದ್ದಳು. ಸ್ಟಿಕರ್ ಹಂಚುತ್ತಿದ್ದವಳು ನಾನು. ಅವಳ ಚೀಟಿಗೂ ಒಂದು ಅಂಟಿಸಿ, "ಹೋಗು, ಬಚಾವಾದೆ" ಎಂದೆ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅವಳು ಕೆಮ್ಮಿದಳು.

"ಮಾಸ್ಕ್ ಹಾಕ್ಕೋ ಅಕ್ಕ," ಎಂದು ಪಿಸುಗುಟ್ಟಿದೆ.

"ಹಾಕ್ಕೊಂಡ್ರೆ ಇನ್‌ಚಾರ್ಜ್ ಮೇಡಂ ಯಾಕೆ ಅಂತಾರೆ. ಇಬ್ರೂ ಸಿಕ್ಕಿಬೀಳ್ತೀವಿ. ಬರೀ ಗಂಟಲು ಕೆರೆತ ಕಣೇ."

ನಾನು ಚಾರ್ಟ್ ಎತ್ತಿಕೊಂಡು ಪಕ್ಕದ ಹಾಸಿಗೆಗೆ ಸರಿದೆ. ಕೆಲಸ ಹೋಗುವ ಭಯ, ಮತ್ತೇನಲ್ಲ. ಅವಳು ಹಾಸಿಗೆಯಿಂದ ಹಾಸಿಗೆಗೆ ಹೋದಂತೆಲ್ಲ ನಾನು ಎಣಿಸುತ್ತಿದ್ದೆ. ಹನ್ನೊಂದಕ್ಕೆ ನಾಲ್ಕನೇ ಕೋಣೆಯ ಗಂಟೆ ಮೊಳಗಿತು. ಒಳಗಿದ್ದ ಮೇಷ್ಟ್ರಿಗೆ ದೊಡ್ಡಕ್ಕನ ಕೈಯೇ ಆಗಬೇಕು. ಅವಳು ಟ್ರೇ ಹಿಡಿದು ಹೊರಟಳು. ಕಣ್ಣು ಕೆಂಪಗಾಗಿತ್ತು. ಬಾಗಿಲ ಹಿಡಿಕೆಗೆ ಕೈ ಹಾಕಿದಳು.

"ಅಕ್ಕಾ, ಒಳಗೆ ಹೋಗ್ಬೇಡ! ನೀನು ಇಂಜೆಕ್ಷನ್ ತಗೊಂಡಿಲ್ಲ!"

ಇಡೀ ಕಾರಿಡಾರಿಗೆ ಕೇಳಿಸಿತು. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಪರೀಕ್ಷೆಯಲ್ಲಿ ಫ್ಲೂ ಎಂದೇ ಬಂತು. ದೊಡ್ಡಕ್ಕನನ್ನು ಮನೆಗೆ ಕಳಿಸಿದರು. ಹೊರಡುವಾಗ ಉಗಿಯುತ್ತಾಳೆಂದು ತಲೆ ತಗ್ಗಿಸಿ ನಿಂತೆ.

"ನನಗಂತೂ ಬುದ್ಧಿ ಇರ್ಲಿಲ್ಲ," ಎಂದಳು. "ನೀನಾದ್ರೂ ಬೆಳಿಗ್ಗೇನೇ ಕೂಗ್ಬಾರ್ದಿತ್ತೇನೇ? ಏಳು ಜನರನ್ನ ಮುಟ್ಟಿಬಿಟ್ಟೆನಲ್ಲೇ."

ಮೇಷ್ಟ್ರು ಉಳಿದರು. ಆ ಏಳು ಜನಕ್ಕೆ ಮುನ್ನೆಚ್ಚರಿಕೆಯ ಮಾತ್ರೆ ಶುರುವಾಯಿತು. ನನ್ನ ವಿಚಾರಣೆ ಆಮೇಲೆ, ಈಗ ಜನ ಕಮ್ಮಿ ಎಂದ ಮೇಡಂ, ಆ ರೋಗಿಗಳ ಜ್ವರ ನೋಡುವ ಕೆಲಸವನ್ನು ನನಗೇ ಹಚ್ಚಿದರು. ಗಂಟೆಗೊಮ್ಮೆ ಜೀವ ಕೈಯಲ್ಲಿ ಹಿಡಿದು ಥರ್ಮಾಮೀಟರ್ ನೋಡುತ್ತಿದ್ದೆ. ಮರುದಿನ ಸಂಜೆ ಐದನೇ ಹಾಸಿಗೆಯ ಅಜ್ಜಿ ನನ್ನ ಕೈ ಹಿಡಿದುಕೊಂಡು, "ನಮ್ಮ ಅಕ್ಕ ಈಗ ಹೇಗಿದ್ದಾಳಮ್ಮ, ಪಾಪ?" ಎಂದು ಕೇಳಿದರು. ಅವರ ಅಂಗೈ ಸುಡುತ್ತಿತ್ತು.