ತಾರಸಿ ಕೆಳಗಿನ ರೇಷ್ಮೆಹುಳ

ತಾರಸಿಯ ಕುಂಡಗಳಲ್ಲಿ ಹೇನು ಹತ್ತಿದ್ದ ಮೆಣಸಿನ ಗಿಡಗಳಿಗೆ ಹೊಗೆಸೊಪ್ಪಿನ ಕಷಾಯ ಸಿಂಪಡಿಸಲು ಬಾಟಲಿ ಎತ್ತಿದ್ದೆ. ರೇಷ್ಮೆ ಸಾಕುವ ಪಕ್ಕದ ಮನೆಯ ನಾರಾಯಣಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದುಕೊಂಡರು.

"ನಿಲ್ಸಮ್ಮ, ನಮ್ಮ ಹುಳ ಇನ್ನೆರಡು ದಿನಕ್ಕೆ ಗೂಡು ಕಟ್ತವೆ. ಹೊಗೆಸೊಪ್ಪಿನ ಗಾಳಿ ಸೋಕಿದ್ರೆ ಒಂದೂ ಉಳಿಯಲ್ಲ."

ಹುಳದ ಮನೆಯ ಕಿಟಕಿ ತಾರಸಿಯ ಕೆಳಗೇ ಇತ್ತು. ಅಂಗಡಿಯ ವಿಷ ಬೇಡವೆಂದು ನಾನೇ ಕುದಿಸಿದ್ದ ಕಷಾಯವದು. ಬಾಟಲಿ ಕೆಳಗಿಟ್ಟೆ. ಇಬ್ಬರೂ ಕೂತು ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆಯ ಹೇನು ಒರೆಸಿ ತೆಗೆದೆವು.

ವಾರದ ನಂತರ ಗೂಡು ಬಿಡಿಸಿದ ಖುಷಿಯಲ್ಲಿ ಅವರು ಬುಟ್ಟಿ ತುಂಬ ಹುಳದ ಹಿಕ್ಕೆ ತಂದು ಕುಂಡಗಳಿಗೆ ಸುರಿದರು. ಗಿಡಗಳು ಎಲೆ ಕಾಣದಷ್ಟು ಕಾಯಿ ಬಿಟ್ಟವು. ಮೊದಲ ಬೊಗಸೆ ಅವರ ಉಪ್ಸಾರಿನ ಖಾರಕ್ಕೆ ಹೋಯಿತು.

ಈಗ ಕುಂಡಕ್ಕೆ ಏನು ಹಾಕುವುದಿದ್ದರೂ ಮೊದಲು ಆ ಕಿಟಕಿಯತ್ತ ಬಗ್ಗಿ, "ಅಕ್ಕಾ, ಹುಳ ಹೆಂಗವೆ?" ಎಂದು ಕೇಳುತ್ತೇನೆ.